ಹದಿನೇಳನೇ ನಂಬರಿನ ಕ್ಲಿಪ್ಪು

ಹೋದ ತಿಂಗಳು ಒಂದು ಸೋಮವಾರ ಬೆಳಿಗ್ಗೆ ನಮ್ಮ ಹಿತ್ತಲಿನ ತಂತಿಯ ಮೇಲೆ ನನ್ನ ಮರ್ಯಾದೆ ಒಣಗುತ್ತಿತ್ತು.

ನೋಡುವವರಿಗೆ ಅದು ಬರೀ ಟವೆಲ್ಲು. ಟವೆಲ್ಲನ್ನು ಕಚ್ಚಿ ಹಿಡಿದದ್ದು ಒಂದು ಕೆಂಪು ಪ್ಲಾಸ್ಟಿಕ್ ಕ್ಲಿಪ್ಪು. ಅದರ ಮೇಲೆ ಬಿಳಿ ಪೇಂಟಿನಲ್ಲಿ ದಪ್ಪಗೆ ಬರೆದ ನಂಬರು, ಹದಿನೇಳು.

"ಇದು ಇಲ್ಲಿಗೆ ಹೆಂಗೆ ಬಂತು?" ಅಂದೆ.

"ನಿಮ್ಮ ಅಂಗಿ ಜೇಬಲ್ಲಿತ್ತು. ಮನೇಲಿ ಕ್ಲಿಪ್ಪು ಕಡಿಮೆ ಅವೆ ಅಂತ ನೆನಪಿಟ್ಟು ತಂದಿದೀರಿ ಅನ್ಕಂಡೆ" ಅಂದಳು ಹೆಂಡತಿ. (ಮದುವೆಯಾದಾಗಿನಿಂದ ನಾನು ನೆನಪಿಟ್ಟು ಏನನ್ನೂ ತಂದವನಲ್ಲ. ಅವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು.)

ನನಗೆ ವಿಮಾನದ ಹುಚ್ಚಿರುವುದು ಈ ಅಂಕಣ ಓದುವ ನಿಮಗೆ ಹೊಸದಲ್ಲ. ರಿಮೋಟ್ ಹಿಡಿದು ಹಾರಿಸುವ ಮಾಡೆಲ್ ವಿಮಾನ. ಭಾನುವಾರ ಬೆಳಿಗ್ಗೆ ದುರ್ಗದಿಂದ ಮತ್ತು ಹೊಳಲ್ಕೆರೆಯಿಂದ ನಾವೊಂದು ನಾಲ್ಕೈದು ಜನ ರಾಮಗಿರಿ ಕಡೆಯ ಒಣಗಿದ ಕೆರೆಯಂಗಳದಲ್ಲಿ ಸೇರುತ್ತೇವೆ. ಅಲ್ಲಿ ಎರಡು ಜಾಲಿ ಮರಗಳ ನಡುವೆ ಒಂದು ಹಗ್ಗ, ಹಗ್ಗದಲ್ಲಿ ನಂಬರು ಬರೆದ ಬಟ್ಟೆ ಕ್ಲಿಪ್ಪುಗಳು.

ಯಾಕೆ ಗೊತ್ತೇ? ಹಳೆಯ ರೇಡಿಯೋ ಸೆಟ್ಟುಗಳಿಗೆ ಒಂದೊಂದು ಚಾನೆಲ್ ಇರುತ್ತದೆ. ಒಂದೇ ಚಾನೆಲ್ಲಿನ ಎರಡು ಸೆಟ್ಟು ಒಟ್ಟಿಗೆ ಆನ್ ಆದರೆ ಮೇಲಿರುವ ವಿಮಾನಕ್ಕೆ ಇಬ್ಬರು ಯಜಮಾನರು. ಅದು ಯಾರ ಮಾತನ್ನೂ ಕೇಳದೆ ನೆಲಕ್ಕೆ ಬರುತ್ತದೆ. ಅದಕ್ಕೇ ಈ ಪದ್ಧತಿ. ನಿಮ್ಮ ನಂಬರಿನ ಕ್ಲಿಪ್ಪು ಹಗ್ಗದಲ್ಲಿದ್ದರೆ ತೆಗೆದುಕೊಳ್ಳಿ, ಆಮೇಲೆ ಸ್ವಿಚ್ ಹಾಕಿ. ವಿಮಾನ ಇಳಿಸಿ ಸ್ವಿಚ್ ಆರಿಸಿದ ಮೇಲೆ ಕ್ಲಿಪ್ಪು ವಾಪಸ್ ಹಗ್ಗಕ್ಕೆ. ಹಗ್ಗದಲ್ಲಿ ಕ್ಲಿಪ್ಪು ಇಲ್ಲವೇ? ಹಾಗಾದರೆ ಯಾರೋ ಹಾರಿಸುತ್ತಿದ್ದಾರೆ, ನೀವು ಕೂತಿರಿ. ನಮ್ಮ ಸಂವಿಧಾನ ಇಷ್ಟೇ.

ಇದನ್ನು ಬರೆದವರು ಪರಮೇಶಣ್ಣ. ಹೊಳಲ್ಕೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ, ನಮ್ಮೆಲ್ಲರಿಗಿಂತ ಹಿರಿಯರು. ಶುರುವಿನ ದಿನಗಳಲ್ಲಿ ಹೀಗೇ ಎರಡು ಸೆಟ್ಟು ಡಿಕ್ಕಿಯಾಗಿ, ಬುತ್ತಿ ಬಿಚ್ಚಿ ಕೂತಿದ್ದ ಕುರಿಗಾಹಿ ತಿಪ್ಪೇಶಿಯ ಪಕ್ಕದಲ್ಲೇ ಒಂದು ವಿಮಾನ ಮೂಗು ಊರಿತು. ತಿಪ್ಪೇಶಿ ರೊಟ್ಟಿ ಝಾಡಿಸಿಕೊಂಡು ತಿಂದ. ಪರಮೇಶಣ್ಣ ಮಾತ್ರ ಆ ದಿನ ಮತ್ತೆ ವಿಮಾನ ಮುಟ್ಟಲಿಲ್ಲ. ಮುಂದಿನ ವಾರವೇ ಅಂಗಡಿಯಿಂದ ಕ್ಲಿಪ್ಪು, ಪೇಂಟು, ಹಗ್ಗ ಬಂದವು.

ಈಗ ಎಲ್ಲರ ಕೈಯಲ್ಲೂ ಹೊಸ ಸೆಟ್ಟು. ಖಾಲಿ ಚಾನೆಲ್ಲನ್ನು ಅದೇ ಹುಡುಕಿಕೊಳ್ಳುತ್ತದೆ, ಕ್ಲಿಪ್ಪಿನ ಹಂಗಿಲ್ಲ. ಹಳೆಯ ಸೆಟ್ಟು ಉಳಿದಿರುವುದು ಇಬ್ಬರಲ್ಲಿ, ಪರಮೇಶಣ್ಣ ಮತ್ತು ನಾನು. ಇಬ್ಬರದೂ ಹದಿನೇಳು. ಅವರು ಹಾರಿಸಿದರೆ ನಾನು ಕೂರಬೇಕು, ನಾನು ಹಾರಿಸಿದರೆ ಅವರು. ಇಷ್ಟು ವರ್ಷದಲ್ಲಿ ಅದಕ್ಕಾಗಿ ನಮ್ಮ ನಡುವೆ ಒಂದು ಮಾತು ಬಂದದ್ದಿಲ್ಲ.

ಟವೆಲ್ಲಿನ ಆ ಸೋಮವಾರಕ್ಕೆ ಎಂಟು ದಿನ ಮೊದಲಿನ ಭಾನುವಾರ ಕೊನೆಗೆ ಹಾರಿಸಿದವನು ನಾನು. ಇಳಿಸುವಷ್ಟರಲ್ಲಿ ಫೋನು ಬಂತು. ಮಾತಾಡುತ್ತಾ ಕ್ಲಿಪ್ಪು ಜೇಬಿಗೆ ಹಾಕಿದೆ, ಮಾತಾಡುತ್ತಲೇ ಬೈಕು ಹತ್ತಿದೆ.

ಮರು ಭಾನುವಾರ ನಾನು ಸಿರಿಗೆರೆಯಲ್ಲಿ ನೆಂಟರ ಮದುವೆಗೆ ಹೋಗಿದ್ದೆ. ಓಲಗದ ಸದ್ದಿನಲ್ಲಿ ಫೋನು ಬಡಕೊಂಡದ್ದು ಕೇಳಲಿಲ್ಲ. ಸಂಜೆ ಮಿಸ್ಡ್ ಕಾಲ್‌ಗಳ ಸಾಲು ನೋಡಿ, ನಾಳೆ ಮಾಡಿದರಾಯ್ತು ಅಂತ ಮಲಗಿದೆ. ನಾಳೆ ಅನ್ನುವುದು ನಮ್ಮ ಸೋಮಾರಿತನಕ್ಕೆ ಎಷ್ಟು ಒಳ್ಳೆಯ ದಿಂಬು ನೋಡಿ.

ಆದರೆ ಪರಮೇಶಣ್ಣನಿಗೆ ಆ ಭಾನುವಾರಕ್ಕೆ ನಾಳೆ ಇರಲಿಲ್ಲ. ಅವರ ಬಲಗಣ್ಣಿನ ಹಿಂದೆ ಒಂದು ಗಡ್ಡೆ. ದಾವಣಗೆರೆಯಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆಮೇಲೆ ಆ ಕಣ್ಣು ಕಾಣುವ ಭರವಸೆ ಇಲ್ಲ ಅಂತ ಡಾಕ್ಟರು ಹೇಳಿದ್ದರು. ಎಡಗಣ್ಣು ಚಿಕ್ಕಂದಿನಿಂದಲೂ ಅಷ್ಟಕ್ಕಷ್ಟೇ. "ಭಾನುವಾರ ಒಂದ್ ರೌಂಡು ಹೊಡ್ಕಂಡು ಹೋಗಿ ಆಸ್ಪತ್ರೇಲಿ ಮಲಿಕ್ಕಂಬಿಡ್ತೀನ್ರಿ" ಅಂದಿದ್ದರು. ಅದನ್ನು ಅವರು ಹೇಳಿದ್ದು ನನ್ನೆದುರಿಗೇ.

ಅಲ್ಲಿ ನಡೆದದ್ದನ್ನು ನನಗೆ ಹೇಳಿದವನು ಮಂಜು, ನಮ್ಮ ಗುಂಪಿನ ಕಾಲೇಜು ಮೇಷ್ಟ್ರು. ಬೆಳಿಗ್ಗೆ ಗಾಳಿ ಹದವಾಗಿತ್ತಂತೆ. ಗುಡ್ಡದ ಮೇಲಿನ ಫ್ಯಾನುಗಳು (ಗಾಳಿಯಂತ್ರಕ್ಕೆ ನಮ್ಮ ಕಡೆ ಬೇರೆ ಹೆಸರಿಲ್ಲ) ನಿಂತೇ ಇದ್ದವಂತೆ. ಪರಮೇಶಣ್ಣ ಆಟೋದಲ್ಲಿ ಬಂದು, ರೆಕ್ಕೆ ಜೋಡಿಸಿ, ಹಗ್ಗದ ಹತ್ತಿರ ಹೋಗಿ ನೋಡಿದರೆ ಹದಿನೇಳು ಇಲ್ಲ.

"ಅಣ್ಣ, ಆ ನಂಬರಿನೋರು ಇರೋದು ನೀವಿಬ್ರೇ. ಅವ್ರು ಸಿರಿಗೆರೇಲಿ ಮದ್ವೆ ಊಟ ಮಾಡ್ತಾ ಅವ್ರೆ. ನೀವು ಸ್ವಿಚ್ ಹಾಕ್ರಿ" ಅಂದನಂತೆ ಮಂಜು.

"ಊಟಕ್ಕೆ ಹೋಗೋರು ಕ್ಲಿಪ್ಪು ಯಾಕೆ ತಗಂಡ್ ಹೋಗ್ತಾರಪ್ಪ? ಇಲ್ಲೇ ಗುಡ್ಡದ ಆ ಕಡೆ ಎಲ್ಲೋ ಹಾರಿಸ್ತಾ ಇರ್ಬೇಕು."

"ಫೋನೂ ಎತ್ತುತಿಲ್ವಲ್ರೀ?"

"ಎರಡೂ ಕೈ ರಿಮೋಟಿನ ಮೇಲಿದ್ರೆ ಹೆಂಗೆ ಎತ್ತಾರು? ನಾನಿಲ್ಲಿ ಆನ್ ಮಾಡಿ, ಅವ್ರದ್ದು ಅಲ್ಲಿ ಯಾರ ತಲೆ ಮೇಲಾದ್ರೂ ಬಿದ್ರೆ?"

ನಾನು ಫೋನ್ ಎತ್ತದಿರುವುದೂ ನನ್ನ ಪರವಾದ ಸಾಕ್ಷಿಯಾಯಿತು. ಇಂಥವರ ಜೊತೆ ಏನು ವಾದ ಮಾಡುತ್ತೀರಿ?

ಮಂಜು ತನ್ನ ವಿಮಾನ ಕೊಡಲು ಹೋದನಂತೆ. "ನಿಂದು ನನ್ನ ಕೈ ಮಾತು ಕೇಳಲ್ಲ ಕಣಪ್ಪ" ಅಂದು, ತಮ್ಮದನ್ನು ತೊಡೆಯ ಮೇಲಿಟ್ಟುಕೊಂಡು ಜಾಲಿ ಮರದ ಕೆಳಗೆ ಕುಳಿತರಂತೆ. ಕುರಿ ಹೊಡೆದುಕೊಂಡು ಬಂದ ತಿಪ್ಪೇಶಿ, "ಯಾಕ್ರೀ ಸಾವ್ಕಾರ್ರೇ, ಇವತ್ತು ಮೇಲಕ್ಕೆ ಬಿಡ್ಲಿಲ್ಲ?" ಅಂದ. "ನನ್ನ ಸರದಿ ಬಂದಿಲ್ಲಪ್ಪ" ಅಂದರು. ಬಿಸಿಲೇರಿತು. ಫ್ಯಾನುಗಳು ತಿರುಗತೊಡಗಿದವು, ಧೂಳು ಎದ್ದಿತು. ಪರಮೇಶಣ್ಣ ರೆಕ್ಕೆ ಬಿಚ್ಚಿ, ಬಟ್ಟೆ ಸುತ್ತಿ, ಆಟೋ ಹತ್ತಿದರು.

ಸೋಮವಾರ ಕ್ಲಿಪ್ಪು ಕೈಯಲ್ಲಿ ಹಿಡಿದು ನಾನು ಫೋನ್ ಮಾಡುವ ಹೊತ್ತಿಗೆ ಅವರು ಆಸ್ಪತ್ರೆ ಸೇರಿದ್ದರು.

ಲೆಕ್ಕಕ್ಕೆ ನೋಡಿದರೆ ಏನೂ ಆಗಿಲ್ಲ. ವಿಮಾನ ಬಿದ್ದಿಲ್ಲ, ಒಂದು ಕುರಿಗೂ ಗಾಯವಿಲ್ಲ. ನಿಯಮ ತನ್ನ ಕೆಲಸ ಚೆನ್ನಾಗಿಯೇ ಮಾಡಿತು. ನನಗೆ ಸಮಾಧಾನವಾಗದಿರುವುದು ಅದಕ್ಕೇ. ಬಸ್ಸಿನ ಸೀಟಿಗೆ ಕರ್ಚೀಫು ಹಾಕಿ ಟೀ ಕುಡಿಯಲು ಹೋದವನನ್ನು ನಾನು ಎಷ್ಟು ಸಲ ಬೈದಿಲ್ಲ? ಸಂಘದ ಕೋಣೆಯ ಬೀಗದ ಕೈ ಜೇಬಿನಲ್ಲಿಟ್ಟುಕೊಂಡು ಊರಿಗೆ ಹೋದವನ ಮೇಲೆ ಇದೇ ಜಾಗದಲ್ಲಿ ಒಂದು ಅಂಕಣವನ್ನೇ ಬರೆದಿದ್ದೇನೆ. ಅವರೂ ನನ್ನ ಹಾಗೆ ಒಳ್ಳೆಯವರೇ ಇದ್ದಿರಬೇಕು. ನಾವು ಯಾರಿಂದಲೂ ಏನನ್ನೂ ಕಿತ್ತುಕೊಳ್ಳುವುದಿಲ್ಲ, ಮರೆತು ಮನೆಗೆ ತಂದುಬಿಡುತ್ತೇವೆ, ಅಷ್ಟೇ.

ಮೊನ್ನೆ ಹೊಳಲ್ಕೆರೆಗೆ ಹೋದೆ. ಪರಮೇಶಣ್ಣ ಅಂಗಡಿಯ ಹಿಂದಿನ ಕೋಣೆಯಲ್ಲಿ ಕುಳಿತಿದ್ದರು, ಬಲಗಣ್ಣಿಗೆ ಪಟ್ಟಿ. "ಬರ್ರಿ, ಕುಂತ್ಕಳ್ರಿ" ಅಂದರು, ಅಣ್ಣ ಅಂದ ನನ್ನ ದನಿಯಿಂದಲೇ ಗುರುತು ಹಿಡಿದು. ಕ್ಲಿಪ್ಪು ಅವರ ಕೈಗಿಟ್ಟೆ. ಹೆಬ್ಬೆರಳಿನಿಂದ ಪೇಂಟು ಸವರಿ ನೋಡಿದರು. ಮುಖ ಅರಳಿತು.

"ಅವತ್ತು ಗಾಳಿ ಭಾಳ ಚೆನ್ನಾಗಿತ್ತು ಕಣ್ರಿ. ಎಲ್ಲಿ ಹಾರಿಸಿದ್ರಿ?"

ಸಿರಿಗೆರೆ ಮೈದಾನದಲ್ಲಿ ಅಂದುಬಿಡಬಹುದಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆಗಲಿಲ್ಲ.

"ಹಾರಿಸ್ಲಿಲ್ಲ ಅಣ್ಣ. ಮರೆತು ಮನೆಗೆ ತಗಂಡ್ ಹೋಗಿದ್ದೆ. ನಮ್ಮನೇಲಿ ಅದನ್ನ ಟವೆಲ್ಲಿಗೆ ಹಾಕಿದ್ರು."

ಅವರು ಕ್ಲಿಪ್ಪಿನ ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು:

"ಟವೆಲ್ಲಾದ್ರೂ ಒಣಗಿತೇನ್ರಿ?"