ಅವ್ವನ ಕುತ್ತಿಗೆಯಲ್ಲಿ ಉಳಿದ ಕರೆಂಟು

ಕ್ಯಾನ್ಸರಿಗೆ ಕಿರಣ ಹಾಯಿಸುವುದನ್ನು ನಮ್ಮ ಕಡೆ 'ಕರೆಂಟು ಕೊಡೋದು' ಎನ್ನುತ್ತಿದ್ದರು. ಆ ಒಂದು ಮಾತು ನಮ್ಮ ಮನೆಗೆ ಮಾಡಿದ ಅನಾಹುತ ಅಷ್ಟಿಷ್ಟಲ್ಲ.

ಐವತ್ತರ ದಶಕ. ಚಾಮರಾಜನಗರದಲ್ಲಿದ್ದ ನಮ್ಮವ್ವನ ಕುತ್ತಿಗೆಯಲ್ಲಿ ಗಡ್ಡೆ ಎದ್ದಿತ್ತು. ದೂರದ ದೊಡ್ಡಾಸ್ಪತ್ರೆಯಲ್ಲಿ ಕರೆಂಟು ಕೊಟ್ಟರು. ಗಡ್ಡೆ ಕರಗಿತು. ಚರ್ಮ ಕಪ್ಪಾಗಿ, ಸುಲಿದು, ತಿಂಗಳುಗಟ್ಟಲೆ ಕಾಡಿ ಕೊನೆಗೆ ಮಾಗಿತು. ವರ್ಷದೊಳಗೆ ಅದೇ ಜಾಗದಲ್ಲಿ ಗಡ್ಡೆ ಮತ್ತೆ ತಲೆ ಎತ್ತಿತು. ಡಾಕ್ಟರು ಬೆರಳಿನಿಂದ ಮೆಲ್ಲಗೆ ಮುಟ್ಟಿ ನೋಡಿ, "ಒಂದ್ಸಲ ಬೆಂದ ಚರ್ಮ, ಎರಡನೇ ಸಲ ಅಷ್ಟು ತಡೆಯೋಲ್ಲ. ಸ್ವಲ್ಪಸ್ವಲ್ಪವೇ ಕೊಟ್ಟು ನೋಡೋಣ. ನಿಮ್ಮ ಸರದಿ ಮೂರು ವಾರಕ್ಕೆ ಬರುತ್ತೆ. ಅಲ್ಲೀತನಕ ಸೋಪು, ಎಣ್ಣೆ ಏನೂ ಬೇಡ, ತಿಕ್ಕಬೇಡಿ. ಚರ್ಮ ಕಿತ್ತುಬಂದರೆ ನಾನು ಕರೆಂಟು ಕೊಡೋಲ್ಲ" ಎಂದರು. ಶಿವದಾರ ಕುತ್ತಿಗೆಗೆ ಉಜ್ಜದಿರಲೆಂದು ಅವ್ವ ಲಿಂಗವನ್ನು ತೋಳಿಗೆ ಕಟ್ಟಿಕೊಂಡಳು. ಆಕೆಗಿದ್ದ ತಿಳಿವಳಿಕೆ ನಮ್ಮ ನೆಂಟರಲ್ಲಿ ಒಬ್ಬರಿಗೂ ಇರಲಿಲ್ಲ.

ಆ ಮೂರು ವಾರ ಗುಂಡ್ಲುಪೇಟೆಯ ಸೋದರಮಾವನ ಮನೆಯಲ್ಲಿದ್ದೆವು. ಮಾವನ ಅಂಗಡಿಗೆ ಬಲ್ಬು ಬಂದು ಆರು ತಿಂಗಳಾಗಿತ್ತು, ಆದ್ದರಿಂದ ಅವನು ವಿದ್ಯುತ್ ಪಂಡಿತ. ಮೊದಲ ಸಲದ ಕರೆಂಟು ಅವ್ವನ ಮೈಯಿಂದ ಇನ್ನೂ ಇಳಿದಿಲ್ಲ, ಅದಕ್ಕೇ ಚರ್ಮ ಕಪ್ಪಗಿದೆ ಎಂದು ಕಂಡುಹಿಡಿದ. ಅತ್ತೆ ಒದ್ದೆ ಕೈಯಲ್ಲಿ ಅವ್ವನನ್ನು ಮುಟ್ಟುತ್ತಿರಲಿಲ್ಲ. ಕೂರಲು ಮರದ ಮಣೆ ಕೊಟ್ಟಳು, ಇಲ್ಲದಿದ್ದರೆ ಮನೆಮಂದಿಗೆಲ್ಲ ಶಾಕ್ ಹೊಡೆದೀತಲ್ಲ! ನೋಡಲು ಬಂದ ಹೆಂಗಸರು ಬಾಗಿಲಲ್ಲೇ ನಿಂತು ಲೊಚಗುಟ್ಟಿ, ಕಾಫಿ ಮಾತ್ರ ಮರೆಯದೆ ಕುಡಿದು ಹೋದರು.

"ಹಳೇ ಕರೆಂಟು ಇಳೀದೆ ಹೊಸದು ಕೊಟ್ರೆ ಸುಟ್ಟೋಯ್ತದೆ ಕಣಮ್ಮಿ. ಹರಳೆಣ್ಣೆ ಹಾಕಿ ಚೆನ್ನಾಗಿ ತಿಕ್ಕು, ಕಾವೆಲ್ಲ ಇಳ್ದೋಗ್ಲಿ" ಎಂದು ಮಾವ ನನಗೆ ಹೇಳಿದ.

"ಡಾಕ್ಟ್ರು ಬ್ಯಾಡ ಅಂದವ್ರೆ ಮಾವ."

"ಅವ್ರಿಗೇನ್ ಗೊತ್ತು? ಅವ್ರು ಕೊಡೋರು, ಇಳ್ಸೋರಲ್ಲ!"

ನಾನು ಹೈಸ್ಕೂಲು ಮುಗಿಸಿದ ಹುಡುಗಿ. ಒಳಗೊಳಗೇ ಮಾವನನ್ನು ಹೀಯಾಳಿಸಿದೆ. ಹೀಯಾಳಿಸುತ್ತಲೇ ಎಣ್ಣೆ ಬಿಸಿ ಮಾಡಿದೆ. ಎದುರಾಡುವ ಧೈರ್ಯವಿರಲಿಲ್ಲ, ಅಷ್ಟೇ. ನಾಲ್ಕು ದಿನ ತಿಕ್ಕಿದೆ. ಹಂಗಿನ ಮನೆಯೆಂದು ಅವ್ವ ಹಲ್ಲು ಕಚ್ಚಿ ಕೂತಿರುತ್ತಿದ್ದಳು. ಐದನೆಯ ದಿನ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದ್ದ ಚರ್ಮ ನನ್ನ ಬೆರಳಿಗೆ ಅಂಟಿಕೊಂಡು ಬಂತು. ಮಾವ ಇಣುಕಿ ನೋಡಿ, "ನೋಡ್ದಾ, ಕರೆಂಟು ಈಚ್ಗೆ ಬತ್ತಾ ಅದೆ" ಎಂದು ಬೀಗಿದ. ಅಂಥ ಕತ್ತೆಯನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಸರದಿಯ ದಿನಕ್ಕೂ ಗಾಯ ಹಸಿಯಾಗೇ ಇತ್ತು. ಡಾಕ್ಟರು ಸೆರಗು ಸರಿಸಿ ನೋಡಿದರು. ಇನ್ನು ಇಲ್ಲಿ ಕರೆಂಟು ಕೊಟ್ಟರೆ ಚರ್ಮ ಎಂದೂ ಕೂಡುವುದಿಲ್ಲ, ಬೇರೆ ದಾರಿಯೂ ಇಲ್ಲ ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಯಾರು ತಿಕ್ಕಿದ್ದು?" ಎಂದರು.

ನನಗಿಂತ ಮೊದಲು ಅವ್ವ ಬಾಯಿ ತೆರೆದಳು: "ನಾನೇ ಸ್ವಾಮಿ. ನವೆ ತಡೀನಾರ್ದೆ ಕೆರ್ಕಂಡ್ಬುಟ್ಟೆ."

ಡಾಕ್ಟರು ಅವ್ವನನ್ನು ಮನಸಾರೆ ಬೈದರು. ಪಕ್ಕದಲ್ಲೇ ನಿಂತಿದ್ದ ನಾನು ಬೈಯಲು ಬಿಟ್ಟೆ.