ಮರಿ ಕಾಯಲು ಹೋದ ಸಾವಿತ್ರೆವ್ವ

ಸಾವಿತ್ರೆವ್ವನನ್ನು ಕಂಡರೆ ನನಗೆ ಆಗುವುದಿಲ್ಲ. ಅವಳಿಗೂ ನಾನೆಂದರೆ ಅಷ್ಟಕ್ಕಷ್ಟೇ. ಅಥಣಿ ತಾಲೂಕಿನ ಮೂಡಣ ಮೂಲೆಯ ಕುರುಬರ ವಸ್ತಿಯಲ್ಲಿ ನಾನು ಒಬ್ಬನೇ ಮಾಸ್ತರ, ಅವಳು ಆ ವಸ್ತಿಗೆಲ್ಲ ಹಿರಿಯಳು.

ನನ್ನೂರು ಬೋರಗಾಂವ. ಮಳೆಯೆಲ್ಲ ನಮ್ಮ ನಿಪ್ಪಾಣಿ ಕಡೆಯೇ ಸುರಿದು ಮುಗಿಯುತ್ತದೆ. ಇಲ್ಲಿಗೆ ಬರುವ ಮೋಡ ಬರೀ ಮುಖ ತೋರಿಸಿ ಹೋಗುತ್ತದೆ. ಇಂಥ ಸುಡುಗಾಡಿನಲ್ಲಿ ವಸ್ತಿ ಹೂಡಿದ ಪುಣ್ಯಾತ್ಮ ಸಾವಿತ್ರೆವ್ವನ ಗಂಡನ ಮುತ್ತಜ್ಜನಂತೆ. ಕುರಿ ಮೇಯಿಸುತ್ತ ಬಂದವನು ಬಾವಿಯಲ್ಲಿ ನೀರು ಕಂಡು ನಿಂತುಬಿಟ್ಟ. ಆ ಬಾವಿ ಬತ್ತಿ ಎಷ್ಟೋ ಕಾಲವಾಯಿತು. ಈಗ ಟ್ಯಾಂಕರ್ ಬಂದರೆ ನೀರು, ಬರದಿದ್ದರೆ ಜಗಳ. ಶಾಲೆಯೆಂದರೆ ತಗಡು ಹೊದಿಸಿದ ಒಂದೇ ಕೋಣೆ. ಮಧ್ಯಾಹ್ನ ಒಳಗೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತಂತೆ.

ದೀಪಾವಳಿ ಮುಗಿದರೆ ಈ ಜನ ಕುರಿ ಹೊಡೆದುಕೊಂಡು ಅಂಕಲಿ ಕಡೆಗೆ, ಕೃಷ್ಣೆಯ ದಂಡೆಗೆ ಹೋಗುತ್ತಾರೆ. ಮರಳುವುದು ಯುಗಾದಿಗೆ. ಮಕ್ಕಳೂ ಹೋಗಬೇಕು, ದೊಡ್ಡವರು ಹಿಂಡಿನ ಹಿಂದೆ ಹೋದಾಗ ಬಲೆ ಕಟ್ಟಿದ ದೊಡ್ಡಿಯೊಳಗಿನ ಎಳೆಮರಿಗಳನ್ನು ಕಾಯುವವರು ಅವರೇ. ಈ ಸಲ ಶಿಕ್ಷಣ ಇಲಾಖೆಯ ಸಾಹೇಬರು ಹೇಳಿಬಿಟ್ಟಿದ್ದರು: ತಪಾಸಣೆಗೆ ಬಂದಾಗ ಮಕ್ಕಳಿಲ್ಲದಿದ್ದರೆ ಶಾಲೆ ಬಂದ್, ನನಗೆ ಊರ ಹತ್ತಿರ ವರ್ಗ. ನಾನು ಮನಸ್ಸಿನಲ್ಲೇ ಮಂಡಿಗೆ ಮೆಲ್ಲತೊಡಗಿದೆ. ಸುದ್ದಿ ವಸ್ತಿಗೂ ಮುಟ್ಟಿತು.

ಸಾವಿತ್ರೆವ್ವ ಉರಿದುಬಿದ್ದಳು. ಮೊಮ್ಮಗಳು ಸೋನಾಲಿ ಮೂರನೇ ಇಯತ್ತೆಯಲ್ಲಿದ್ದಳು. ಈ ಶಾಲೆ ಮುಚ್ಚಿದರೆ ಅವಳ ಓದು ಅಲ್ಲಿಗೇ ಮುಗಿಯಿತು. ಆ ಬಟಾಬಯಲಿನಲ್ಲಿ ಪಕ್ಕದೂರಿನ ಶಾಲೆಗೆ ಹೆಣ್ಣುಮಗುವನ್ನು ಒಂಟಿಯಾಗಿ ಯಾರು ಕಳಿಸುತ್ತಾರೆ? ಕುರಿ ಹೊರಡುವ ದಿನ ಮುದುಕಿ ಹಾದಿಗೆ ಅಡ್ಡ ನಿಂತಳು.

“ಲೇ ಮಾಳೇಶ, ಹುಡುಗೋರ್ನ ಇಲ್ಲೇ ಮುದುಕರ ಕೂಡ ಬಿಟ್ಟ ಹೋಗ್ರಿ,” ಎಂದಳು ಮಗನಿಗೆ.

“ಹುಚ್ಚ ಹಿಡದೈತೇನಬೇ ನಿನಗ? ಮರಿ ತ್ವಾಳಕ್ಕ ಹಾಕ್ಲೇನು?”

“ಮರಿ ನಾ ಕಾಯ್ತೇನಿ.”

“ನಿನಗ ನೆಟ್ಟಗ ನಡಿಯಾಕ ಬರೂದಿಲ್ಲ!”

“ಸತ್ರ ಅಲ್ಲೇ ಮಣ್ಣ ಮಾಡು. ನಡಿ.”

ಗಂಟು ತಲೆಗೇರಿಸಿಕೊಂಡವಳು ನೇರ ಶಾಲೆಯ ಬಾಗಿಲಿಗೆ ಬಂದಳು. “ನಿಮ್ಮ ಮ್ಯಾಲ ನನಗ ಎಳ್ಳಷ್ಟೂ ನಂಬಿಗಿ ಇಲ್ರಿ ಮಾಸ್ತರ. ಆದ್ರ ಏನ್ ಮಾಡ್ಲಿ, ಈ ಬಿಸಲಾಗ ಬ್ಯಾರೆ ಯಾರ ಬರ್ತಾರ? ಕಲಸ್ರಿ.”

ನನಗೆ ಮೈಯೆಲ್ಲ ಉರಿಯಿತು. ಚಪ್ಪಲಿ ಮೆಟ್ಟಿ ಹೊರಗೆ ಬರುವಷ್ಟರಲ್ಲಿ ಅವಳು ಕುಂಟುತ್ತ ಹಿಂಡಿನ ಧೂಳಿನೊಳಗೆ ಸೇರಿಹೋಗಿದ್ದಳು.

ವಾರ ಕಳೆದು ಸಾಹೇಬರು ಬಂದರು. ಕೋಣೆ ತುಂಬ ಮಕ್ಕಳು. “ಶಾಬಾಸ್ ಭರತ ಮಾಸ್ತರ! ಇಂಥಾ ಕಡೆ ನಿಮ್ಮಂಥವ್ರ ಬೇಕ್ರಿ. ಇಲ್ಲೇ ಇರ್ರಿ,” ಎಂದು ಬೆನ್ನು ತಟ್ಟಿ ಜೀಪು ಹತ್ತಿದರು. ಮಾಡದ ಪುಣ್ಯಕ್ಕೆ ಇಂಥ ಶಿಕ್ಷೆ ನನ್ನ ವೈರಿಗೂ ಬೇಡ.

ಜೀಪು ಮರೆಯಾಗುತ್ತಲೇ ಸೋನಾಲಿ ಎದ್ದು ನಿಂತು ಅಜ್ಜಿಯ ಬಗ್ಗೆ ಕೇಳಿದಳು. “ಆಯಿ ಯಾವಾಗ ಬರ್ತಾಳ್ರಿ ಸರ್?”

“ಯುಗಾದಿಗೆ.”

“ನೀವೂ ನಮ್ಮನ್ನ ಬಿಟ್ಟ ಹೊಕ್ಕೀರೇನ್ರಿ?” ಹುಡುಗಿಯ ಕಣ್ಣು ತುಂಬಿತ್ತು.

“ನಿಮ್ಮ ಆಯಿ ನನ್ನ ಎಲ್ಲಿ ಬಿಡ್ತಾಳ? ಪಾಟಿ ತಗಿ,” ಎಂದು ಗದರಿದೆ.