ಬೀಳುವ ಪೈಲ್ವಾನ

ಮೊನ್ನೆ ಇಲ್ಲಿ ಇಂಗ್ಲೆಂಡಿನಲ್ಲಿ, ಗ್ರೀನ್‌ಫರ್ಡಿನ ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಒಬ್ಬ ಮುದುಕರು ಬಂದು ಕೂತರು. ಅವರ ಕೋಟಿನಿಂದ ನೋವಿನೆಣ್ಣೆಯ ವಾಸನೆ ಬಂತು ನೋಡಿ, ಬಸ್ಸು ಎಲ್ಲಿಗೆ ಹೋಗುತ್ತಿದೆ ಎನ್ನುವುದೇ ನನಗೆ ಮರೆತುಹೋಯಿತು. ಆ ವಾಸನೆ ನನ್ನ ಪಾಲಿಗೆ ಸ್ಟ್ಯಾನ್ ಕಾಕಾರದು.

ಸ್ಟ್ಯಾನ್ ನಮ್ಮ ಪಕ್ಕದ ಮನೆಯವರು. ಎಪ್ಪತ್ತೈದು ದಾಟಿದ್ದ ಆ ಇಂಗ್ಲಿಷ್ ಮನುಷ್ಯರಿಗೆ ಧಾರವಾಡದ ನಾನು ಕಾಕಾ ಎನ್ನುತ್ತಿದ್ದೆ. ತಮಗೆ ಸಿಕ್ಕ ಹೊಸ ಅಡ್ಡಹೆಸರು ಎಂದುಕೊಂಡು ಅವರೂ ಓಗೊಡುತ್ತಿದ್ದರು. ಬಾಗಿಲು ತುಂಬುವ ಮೈ, ಒಣ ಅಂಜೂರದಂತೆ ಮುದುಡಿದ ಕಿವಿ. ಹರೆಯದಲ್ಲಿ ಕುಸ್ತಿಯೇ ಅವರ ಹೊಟ್ಟೆಪಾಡು. ಚಳಿಗಾಲದಲ್ಲಿ ಈಜುಕೊಳದ ಮೇಲೆ ಹಲಗೆ ಹಾಸಿ ಕುಸ್ತಿ ಇಡುತ್ತಿದ್ದರಂತೆ. ಮೇಲೆ ಪೈಲ್ವಾನರು, ಸುತ್ತ ಕೂಗುವ ಜನ. ನನಗೋ ಕೆಳಗಿನ ನೀರಿನದೇ ಯೋಚನೆ. ಅಷ್ಟೆಲ್ಲ ಗದ್ದಲದ ಅಡಿಯಲ್ಲಿ ಅದು ಕತ್ತಲಲ್ಲಿ ಮೆಲ್ಲಗೆ ಅಲುಗಾಡುತ್ತಿತ್ತಲ್ಲ! ಕೊಳ ಬರಿದು ಮಾಡಿರುತ್ತಿದ್ದರೋ ಏನೋ, ನಾನು ಕೇಳಲಿಲ್ಲ. ಕೇಳಿದ್ದರೆ ನನ್ನ ನೀರು ಹೋಗಿಬಿಡುತ್ತಿತ್ತು.

ಕಾಕಾ ಗೆಲ್ಲುವ ಪೈಲ್ವಾನರಲ್ಲ. ಊರೂರಿಗೆ ಹೋಗುವುದು, ಜನ ಮೆಚ್ಚಿದವರ ಕೈಲಿ ಸೋಲುವುದು, ಸೋಲಿಸಿದವನ ಜೊತೆಯೇ ರೈಲಿನಲ್ಲಿ ಸ್ಯಾಂಡ್‌ವಿಚ್ ಹಂಚಿಕೊಂಡು ವಾಪಸು ಬರುವುದು. ಇಪ್ಪತ್ತು ವರ್ಷ ಹೀಗೇ.

ಒಂದು ವರ್ಷ ನಮ್ಮ ಅವ್ವ ಬಚ್ಚಲಲ್ಲಿ ಜಾರಿ ಬಿದ್ದಳು. ಮೂಳೆಗೆ ಏನೂ ಆಗಲಿಲ್ಲ. ಆದರೆ ಅಂದಿನಿಂದ ಕುರ್ಚಿ ಬಿಟ್ಟು ಏಳಲೊಲ್ಲಳು. "ಹೀಗೇ ಕೂತರೆ ಕಾಲಿನ ಶಕ್ತಿ ಪೂರ್ತಿ ಹೋಗುತ್ತೆ, ಆಮೇಲೆ ನಡೆಸೋದು ನಮ್ಮ ಕೈಲೂ ಆಗಲ್ಲ" ಎಂದರು ನಮ್ಮ ಡಾಕ್ಟರು. ನಾನು ಅತ್ತೆ, ಬೈದೆ, ಹೋಳಿಗೆಯ ಆಸೆ ತೋರಿಸಿದೆ. "ಮತ್ತ ಬಿದ್ದರ?" ಎಂಬುದೊಂದೇ ಉತ್ತರ.

ಒಂದು ಮಧ್ಯಾಹ್ನ ಚಹಾಕ್ಕೆ ಬಂದ ಸ್ಟ್ಯಾನ್ ಕಾಕಾರಿಗೆ ಇದನ್ನು ಹೇಳಿದೆ. ಅವರು ಕಪ್ಪು ಕೆಳಗಿಟ್ಟು ಟೀಪಾಯಿ ಸರಿಸಿದರು. ಗದ್ದವನ್ನು ಎದೆಗೊತ್ತಿ, ಮೊಣಕಾಲು ಸಡಿಲ ಬಿಟ್ಟು, ನಮ್ಮ ಕಾರ್ಪೆಟ್ಟಿನ ಮೇಲೆ ದೊಪ್ಪನೆ ಬಿದ್ದರು! ಕಪಾಟಿನ ಗಾಜು ಝಲ್ಲೆಂದಿತು.

"ಅಯ್ಯ ಶಿವನ! ಸತ್ತನೇನವಾ ಇಂವ!" ಎಂದು ಅವ್ವ ಚೀರಿದಳು.

ಕಾಕಾ ಬಿದ್ದಲ್ಲಿಂದಲೇ ಕಣ್ಣು ಹೊಡೆದರು. "ನೆಲದ ಜೊತೆ ಜಗಳ ಆಡಬಾರದು ಅಂತ ನಿಮ್ಮ ಅಮ್ಮನಿಗೆ ಹೇಳು. ಉಸಿರು ಬಿಡಬೇಕು, ಮೈ ಬಿಡಬೇಕು."

ಅದನ್ನು ಕನ್ನಡದಲ್ಲಿ ಹೇಳಿದೆ. ಅವ್ವನ ತಮ್ಮ ಗರಡಿಮನೆಯ ಪೈಲ್ವಾನ. ಅವಳು ಅಷ್ಟಕ್ಕೆಲ್ಲ ಮಣಿಯುವವಳಲ್ಲ. "ನಮ್ಮ ತಮ್ಮ ಗೆಲ್ಲೂದು ಕಲ್ತಿದ್ದ. ಇಂವ ಬೀಳೂದು ಕಲ್ತಾನಂತ! ಕೇಳು ಅವನ್ನ, ಅದೆಲ್ಲಾ ಸುಳ್ಳು ಕುಸ್ತಿ ಹೌದಿಲ್ಲೋ?"

ನಾಚುತ್ತಲೇ ಕೇಳಿದೆ. ಸೋಲು ಗೆಲುವು ಮೊದಲೇ ಗೊತ್ತುಮಾಡಿದ್ದೋ ಎಂಬ ಗುಟ್ಟನ್ನು ಅವರು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ. ಅದು ಅವರ ಕಸುಬಿನ ಕಟ್ಟಳೆ. ಎದ್ದು ಕೂತು ಅಂಗೈ ಒರೆಸಿಕೊಂಡು ಹೇಳಿದರು:

"ಗೆದ್ದವರ ವಿಷಯ ನನಗೆ ಗೊತ್ತಿಲ್ಲ. ನಾನು ಬಿದ್ದದ್ದಂತೂ ನಿಜ. ದಿನಾ ಬಿದ್ದೆ, ದಿನಾ ಎದ್ದು ರೈಲು ಹಿಡಿದೆ."

ಅದನ್ನೂ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, "ಕೌದಿ ಹಾಸು" ಎಂದಳು.

ಮೂರು ವಾರ ಆ ಕೌದಿಯೇ ಅವರ ಅಖಾಡ. ಕಾಕಾ ಅವಳ ತೋಳು ಹಿಡಿದು ಸೋಫಾದ ಅಂಚಿನಿಂದ ಮೆಲ್ಲಗೆ ಕೆಳಗಿಳಿಸುವರು. ಅವಳು ಕನ್ನಡದಲ್ಲಿ ಬೈಯುವಳು, ಅವರು ಇಂಗ್ಲಿಷಿನಲ್ಲಿ ಸಮಾಧಾನ ಹೇಳುವರು. ಗಾಬರಿಯಾದಾಗಲೆಲ್ಲ ಅವ್ವ ಕೈಗೆ ಸಿಕ್ಕ ಅವರ ಕಿವಿಯನ್ನೇ ಹಿಡಿದುಕೊಳ್ಳುತ್ತಿದ್ದಳು. ಎಂಥೆಂಥ ಪೈಲ್ವಾನರಿಗೆ ಸಿಕ್ಕ ಕಿವಿಯೋ, ಪಾಪ, ಅದನ್ನೂ ತಡೆದುಕೊಂಡಿತು.

ಒಂದು ದಿನ ಯಾರನ್ನೂ ಹಿಡಿಯದೆ ತಾನೇ ಕೆಳಗೆ ಜಾರಿದಳು. ಒಂದು ಕೈ ಊರಿ, ಒಂದು ಮೊಣಕಾಲು ಊರಿ, ತಾನೇ ಎದ್ದಳು. ಗೋಡೆ ಮುಟ್ಟುತ್ತ ಮುಂಬಾಗಿಲಿಗೆ ಹೋಗಿ ಚಿಲಕ ತೆಗೆದಳು. ನಾವಿಬ್ಬರೂ ಉಸಿರು ಬಿಗಿಹಿಡಿದು ನಿಂತಿದ್ದೆವು.

"ಏನ್ ನೋಡಕೋತ ನಿಂತೀರಿ? ಚಪ್ಪಲಿ ತರ್ರಿ," ಎಂದಳು ಅವ್ವ.

ಇಬ್ಬರೂ ಈಗಿಲ್ಲ. ಮೊನ್ನೆ ಬಸ್ಸು ನಿಂತಾಗ ನೋಡುತ್ತೇನೆ, ನನ್ನ ಸ್ಟಾಪು ಹಿಂದೆಲ್ಲೋ ಉಳಿದಿತ್ತು. ಮಳೆ ಆಗಷ್ಟೇ ನಿಂತು ಫುಟ್‌ಪಾತಿನ ತುಂಬ ಒದ್ದೆ ಎಲೆ. ಎರಡು ವರ್ಷದಿಂದ ಇಂಥ ದಾರಿ ಕಂಡರೆ ಬೀಳುವ ಭಯಕ್ಕೆ ಮಗಳಿಗೆ ಫೋನು ಮಾಡಿ ಕಾರು ತರಿಸುವವಳು ನಾನು. ಮೊನ್ನೆ ಮಾಡಲಿಲ್ಲ. ಎಲೆಗಳ ಮೇಲೆಯೇ ನಿಧಾನವಾಗಿ ನಡೆದು ಬಂದೆ. ಮನೆ ಅಷ್ಟೇನೂ ದೂರವಿರಲಿಲ್ಲ.